ಮೂಸಿ ಹೇಳುವಾಕಿ

ಕೊಣ್ಣೂರಿನಲ್ಲಿ ಮುರಿಗೆಪ್ಪನ ಬೆಲ್ಲದ ಗಾಣ ಇನ್ನೂ ನಡೆಯುತ್ತಿದ್ದ ಕಾಲ. ಅವನ ಮಗಳು ರಾಜೇಶ್ವರಿಗೆ ಹನ್ನೊಂದು ವರ್ಷ. ಒಂದು ಮಧ್ಯಾಹ್ನ ಸಾಲೆಯಿಂದ ಬಂದವಳು ಹೆಗಲ ಚೀಲ ಇಳಿಸುವ ಮೊದಲೇ ಗಾಣದ ಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ತಳ ಹತ್ತಾಕತ್ತೈತಿ" ಎಂದಳು. ಕೊಪ್ಪರಿಗೆಯ ಮುಂದೆ ನಿಂತಿದ್ದ ಆಳು ನಕ್ಕ. ಇನ್ನೂ ನೊರೆಯೇ ಇಳಿದಿಲ್ಲ, ತಳ ಹತ್ತುವುದೆಲ್ಲಿಂದ ಬಂತು ಎಂದ. ಅರ್ಧ ತಾಸಿನ ಮೇಲೆ ಅಚ್ಚಿಗೆ ಸುರಿದ ಬೆಲ್ಲ ಕರ್ರಗೆ ಬಂತು, ಕಹಿಯಿತ್ತು. ಮುರಿಗೆಪ್ಪ ಆಳಿಗೆ ಏನೂ ಅನ್ನಲಿಲ್ಲ. ಮಗಳ ಕಪಾಳಕ್ಕೆ ಒಂದು ಕೊಟ್ಟು, "ಹೆಣ್ಣುಹುಡುಗಿ ಇಲ್ಲಿ ಬಂದು ಮೂಗು ತೂರಸಬಾರದು" ಎಂದು ಹೊರಗೆ ಕಳಿಸಿದ.

ಇದನ್ನು ನನಗೆ ರಾಜೇಶ್ವರಿಯೇ ಹೇಳಿದ್ದು, ಹತ್ತರಗಿಯ ಹೆದ್ದಾರಿ ಬದಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ. ನಾನು ಬೀಜದ ಕಂಪನಿಯವನು. ಹುಕ್ಕೇರಿ, ಗೋಕಾಕ, ಮೂಡಲಗಿ ಅಂತ ತಿರುಗುವುದೇ ನನ್ನ ಕೆಲಸ. ವಾರಕ್ಕೆ ಎರಡು ದಿನ ಅಲ್ಲಿ ಉಣ್ಣುತ್ತಿದ್ದೆ. ಖಾನಾವಳಿಯ ಒಡತಿ ಮರೆವ್ವ ಮಾತಿಗೆ ಕರೆಯುವ ಹೆಂಗಸು. ರಾಜೇಶ್ವರಿ ಹಾಗಲ್ಲ. ಅವಳು ಬಾಯಿ ಬಿಟ್ಟದ್ದು ಎರಡು ವರ್ಷದ ಮೇಲೆ, ಅದೂ ತುಣುಕು ತುಣುಕಾಗಿ. ನಾನು ಅದನ್ನೆಲ್ಲ ಜೋಡಿಸಿ ಬರೆಯುತ್ತಿದ್ದೇನೆ. ಕೊನೆಯ ಭಾಗಕ್ಕೆ ಮಾತ್ರ ನಾನೇ ಸಾಕ್ಷಿ.

ಇಪ್ಪತ್ತೊಂದನೆಯ ವಯಸ್ಸಿಗೆ ಅವಳನ್ನು ಬೆಲ್ಲದ ಬಾಗೇವಾಡಿಯ ಶ್ರೀಶೈಲನಿಗೆ ಕೊಟ್ಟರು. ಅವನು ಗೋಕಾಕದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿನ ನಡುವೆ ಇಂಗ್ಲಿಷು. ತಂದೆ ಇರಲಿಲ್ಲ, ತಾಯಿ ಗೌರವ್ವ ಮಗನನ್ನು ಊರಿನವರ ಮುಂದೆ 'ನಮ್ಮ ಸಾಹೇಬರು' ಎಂದೇ ಕರೆಯುತ್ತಿದ್ದಳು. ಮದುವೆಯಾದ ಎರಡು ವರ್ಷಕ್ಕೆ ಪದ್ಮಶ್ರೀ ಹುಟ್ಟಿದಳು. ಕಾರ್ಖಾನೆಯಲ್ಲಿ ತನಗಿಂತ ಕಿರಿಯನೊಬ್ಬ ಮೇಲಿನ ಹುದ್ದೆಗೆ ಏರಿದ ವರ್ಷ ಶ್ರೀಶೈಲ ಮುನಿಸಿಕೊಂಡು ಕೆಲಸ ಬಿಟ್ಟ. ಹಳೆಯ ಗೆಳೆಯನೊಬ್ಬ ಪೂರ್ವ ಆಫ್ರಿಕಾದಲ್ಲಿದ್ದ. ಅವನ ಮುಖಾಂತರ ಬುರುಂಡಿ ದೇಶದಲ್ಲಿ ಕೆಲಸ ಸಿಕ್ಕಿತು.

ಬುರುಂಡಿ ಎಂದರೆ ನಮ್ಮ ಬೆಳಗಾವಿ ಜಿಲ್ಲೆಯ ಎರಡು ಪಟ್ಟು ಇರಬಹುದಾದ ಗುಡ್ಡಗಾಡು ದೇಶ. ಗುಡ್ಡದ ಮೈಮೇಲೆ ಮನೆಮನೆಗೆ ನೂರು, ಇನ್ನೂರು ಕಾಫಿ ಗಿಡ. ಜನ ಹಣ್ಣು ಬಿಡಿಸಿ ಬುಟ್ಟಿಯಲ್ಲಿ ತಲೆಮೇಲೆ ಹೊತ್ತು ತರುತ್ತಾರೆ. ಅದನ್ನು ಕೊಂಡು, ಸಿಪ್ಪೆ ತೆಗೆದು, ತೊಟ್ಟಿಯಲ್ಲಿ ನೆನೆಹಾಕಿ ತೊಳೆದು, ಎತ್ತರದ ಮೇಜುಗಳ ಮೇಲೆ ಒಣಗಿಸುವ ಜಾಗವೊಂದನ್ನು ಠಕ್ಕರ್ ಎಂಬ ಗುಜರಾತಿ ಸೇಠ ನಡೆಸುತ್ತಿದ್ದ. ಅಲ್ಲಿಗೆ ಶ್ರೀಶೈಲ ಗುಣಮಟ್ಟದ ಮ್ಯಾನೇಜರ್ ಆಗಿ ಹೋದ. ಮರುವರ್ಷ, ಎರಡು ಸಾವಿರದ ಹದಿನೇಳರಲ್ಲಿ, ಹೆಂಡತಿ ಮಗಳನ್ನೂ ಕರೆಸಿಕೊಂಡ. ಪದ್ಮಶ್ರೀಗೆ ಆಗ ಐದು ವರ್ಷ.

ಸೇಠನಿಗೆ ಬೇಕಾಗಿದ್ದುದು ಸ್ಪೆಷಾಲ್ಟಿ ಕಾಫಿ. ಸಾಧಾರಣ ಕಾಫಿಯನ್ನು ಎಲ್ಲರದೂ ಒಟ್ಟಿಗೆ ಕಲಸಿ ಮಾರುತ್ತಾರೆ. ಸ್ಪೆಷಾಲ್ಟಿಯನ್ನು ಹಾಗಲ್ಲ, ಯಾವ ಗುಡ್ಡ, ಯಾರ ಗಿಡ ಎಂದು ಹೆಸರು ಹೇಳಿ, ರುಚಿಗೆ ನೂರರಲ್ಲಿ ಎಷ್ಟು ಅಂಕ ಬಂತೆಂದು ತೋರಿಸಿ ಮಾರಬೇಕು. ಅಂಕ ಹಾಕುವವರು ಕಾಫಿಯನ್ನು ಹುರಿದು, ಪುಡಿ ಮಾಡಿ, ಐದೈದು ಬಟ್ಟಲಲ್ಲಿ ಬಿಸಿನೀರು ಹಾಕಿ, ಮೊದಲು ಮೂಸಿ, ಆಮೇಲೆ ಚಮಚದಲ್ಲಿ ಸುರ್ರೆಂದು ಹೀರಿ ನೋಡುತ್ತಾರೆ. ಆ ಸೀಮೆಯ ಕಾಫಿಗೆ ಒಂದು ಕೆಟ್ಟ ರೋಗವಿದೆ. ತಿಗಣೆಯಂಥದೊಂದು ಹುಳ ಹಣ್ಣನ್ನು ಚುಚ್ಚಿದರೆ ಬೀಜದೊಳಗೆ ಹಸಿ ಬಟಾಟಿಯ ವಾಸನೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹುರಿದು ಪುಡಿ ಮಾಡಿದಾಗಲೇ ಗೊತ್ತಾಗಬೇಕು. ಒಂದು ಬೀಜ ಇದ್ದರೆ ಒಂದು ಬಟ್ಟಲು ಕೆಟ್ಟಿತು. ಒಂದು ಬಟ್ಟಲು ಕೆಟ್ಟರೆ ಕೊಳ್ಳಲು ಬಂದವರು ಇಡೀ ಮಾಲನ್ನು ಬಿಟ್ಟು ಎದ್ದು ಹೋಗುತ್ತಾರೆ.

ಶ್ರೀಶೈಲನಿಗೆ ಆ ವಾಸನೆ ಹತ್ತುತ್ತಿರಲಿಲ್ಲ. ಹದಿನೈದನೆಯ ವಯಸ್ಸಿನಿಂದ ಗುಟ್ಕಾ ಹಾಕಿಕೊಂಡು ಹಾಕಿಕೊಂಡು ಅವನ ನಾಲಿಗೆ ಕಟ್ಟಿಗೆಯಾಗಿತ್ತು. ಮೊದಲ ಸುಗ್ಗಿಯಲ್ಲಿ ಹೇಗೋ ಅಂದಾಜಿನ ಮೇಲೆ ಅಂಕ ಬರೆದು ದಾಟಿಕೊಂಡಿದ್ದ. ಎರಡನೆಯ ಸುಗ್ಗಿಗೆ ಹೆದರಿಕೆ ಹತ್ತಿತು. ಒಂದು ಸಂಜೆ ಪುಡಿಯ ಪೊಟ್ಟಣಗಳನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ.

"ಇದನ್ನ ಮೂಸಿ ನೋಡ. ಏನರ ಬ್ಯಾರೆ ಅನಸ್ತೈತೇನ?"

ರಾಜೇಶ್ವರಿ ಚಹಾದ ಮನೆಯಿಂದ ಬಂದವಳು. ಅಲ್ಲಿಯವರೆಗೆ ನಾಲ್ಕು ಸಲ ಕಾಫಿ ಕುಡಿದಿದ್ದರೆ ಹೆಚ್ಚು. ಒಂದೊಂದಾಗಿ ಮೂಗಿಗೆ ಹಿಡಿದಳು. "ಇದು ಹುಣಸಿ ಹಣ್ಣಿನಂಗ ಐತಿ. ಇದರಾಗ ಕಬ್ಬಿನ ಹಾಲ ಕುದಿಯೂ ಘಮಾ ಐತಿ. ಇದು ಬ್ಯಾಡ್ರಿ, ಹಸಿ ಬಟಾಟಿ ನಾರತೈತಿ."

ಅಂದಿನಿಂದ ಅದೇ ನಡೆಯಿತು. ಅವನು ತರುವುದು, ಅವಳು ಹೇಳುವುದು, ಅವನು ಬರೆದುಕೊಳ್ಳುವುದು. ಎರಡು ತಿಂಗಳಲ್ಲಿ ಅವಳೇ ಒಂದು ದಾರಿ ಕಂಡುಕೊಂಡಳು. ದಿನದಿನದ ಹಣ್ಣನ್ನು ಬೇರೆಬೇರೆ ಒಣಗಿಸಿ, ಒಂದೊಂದು ಹಿಡಿ ತಂದು ರೊಟ್ಟಿಯ ಹಂಚಿನ ಮೇಲೆ ಹುರಿದು, ಪುಡಿ ಮಾಡಿ ಮೂಸುವುದು. ಕೆಟ್ಟ ದಿನದ್ದನ್ನು ಸಾಧಾರಣ ಮಾಲಿಗೆ ತಳ್ಳುವುದು. ಕೆಟ್ಟದ್ದು ಯಾವ ಕಡೆಯ ಗಿಡದಿಂದ ಬರುತ್ತಿದೆ ಎಂದು ತಿಳಿಯಲು ಅವಳು ಒಣಮೇಜುಗಳ ಬಳಿಗೂ ಹೋಗತೊಡಗಿದಳು.

ಮೇಜುಗಳ ಬಳಿ ಬೀಜ ಆರಿಸುವ ಹೆಂಗಸರಿಗೆ ಮುಖ್ಯಸ್ಥೆ ಕ್ಲೋದೆತ್. ನಲವತ್ತು ದಾಟಿದವಳು, ವಿಧವೆ, ಗುಡ್ಡದ ಮೇಲೆ ನೂರಾ ಎಂಬತ್ತು ಗಿಡ ಇಟ್ಟುಕೊಂಡವಳು. ಮೊದಮೊದಲು ಇಬ್ಬರಿಗೂ ಒಂದು ಭಾಷೆ ಇರಲಿಲ್ಲ. ಹುಳ ಚುಚ್ಚಿದ ಹಣ್ಣನ್ನು ಬೆರಳಿನಿಂದ ತೋರಿಸಿ, ಮೂಗು ಮುಚ್ಚಿ ಮಾತಾಡಿಕೊಂಡರು. ಪದ್ಮಶ್ರೀ ಅಲ್ಲಿನ ಮಕ್ಕಳ ಜೊತೆ ಆಡಿ ಆರು ತಿಂಗಳಲ್ಲಿ ಸ್ವಾಹಿಲಿ ಕಲಿತಳು. ಅವಳಿಂದ ತಾಯಿ ಕಲಿತಳು. ಅಲ್ಲಿ ಹೆಂಗಸನ್ನು ಮಗುವಿನ ಹೆಸರು ಹಿಡಿದೇ ಕರೆಯುವುದು. ರಾಜೇಶ್ವರಿ 'ಮಾಮಾ ಪದ್ಮ' ಆದಳು. ಕ್ಲೋದೆತ್ ಮಾಡಿದ ಹುರುಳಿಕಾಯಿ ಪಲ್ಯವನ್ನು ರಾಜೇಶ್ವರಿ ತಿನ್ನುತ್ತಿದ್ದಳು, ರಾಜೇಶ್ವರಿ ಬಡಿದ ಗೋವಿನಜೋಳದ ರೊಟ್ಟಿಯನ್ನು ಕ್ಲೋದೆತ್ ಮಡಿಚಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು.

ಆ ವರ್ಷದ ಮಾಲಿಗೆ ಎಂಬತ್ತೊಂಬತ್ತು ಅಂಕ ಬಂತು. ಠಕ್ಕರ್ ಸೇಠ ಶ್ರೀಶೈಲನಿಗೆ ಶಾಲು ಹೊದಿಸಿ, ಅವನ ಹೆಸರು ಕೆತ್ತಿದ ಒಂದು ಫಲಕ ಕೊಟ್ಟ. ಫೋಟೊ ಬಾಗೇವಾಡಿಗೆ ಹೋಯಿತು. ಗೌರವ್ವ ಅದಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ರಾಜೇಶ್ವರಿ ಆ ದಿನ ಇಪ್ಪತ್ತು ಜನಕ್ಕೆ ಅಡುಗೆ ಮಾಡಿದ್ದಳು. ಬೇಸರವಾಗಲಿಲ್ಲವೇ ಎಂದು ನಾನು ಕೇಳಿದೆ. "ಯಾಕ ಬ್ಯಾಸರ ಆಗಬೇಕ್ರಿ? ನಮ್ಮ ಮನೀಗೇ ಬಂತಲ್ಲ" ಎಂದಳು.

ಮರುವರ್ಷ ಜಪಾನಿನಿಂದ ಕೊಳ್ಳುವವಳೊಬ್ಬಳು ಬಂದಳು. ವಯಸ್ಸಾದ, ಸಣ್ಣ ಆಳಿನ ಹೆಂಗಸು. ಅವಳಿಗೆ ಶಾಲು, ಭಾಷಣ ಬೇಡವಾಗಿತ್ತು. ಮೇಜಿನ ಮೇಲೆ ಹತ್ತು ಬಟ್ಟಲು ಇಟ್ಟು, ಹೆಸರು ಮುಚ್ಚಿ, ನಾವಿಬ್ಬರೂ ಒಟ್ಟಿಗೆ ನೋಡೋಣ ಎಂದು ಶ್ರೀಶೈಲನನ್ನು ಕರೆದಳು. ಅವನು ಗತ್ತಿನಿಂದ ಚಮಚ ಹಿಡಿದ. ಒಂದು, ಎರಡು ದಾಟಿ ಮೂರನೆಯದಕ್ಕೆ ಬಂದಾಗ ತಲೆ ಆಡಿಸಿ, ಹೂವಿನ ಪರಿಮಳ, ಜೇನಿನ ಸಿಹಿ ಎಂದೆಲ್ಲ ಇಂಗ್ಲಿಷಿನಲ್ಲಿ ಹೊಗಳಿದ. ಅದೇ ಹೊತ್ತಿಗೆ ರಾಜೇಶ್ವರಿ ಎಲ್ಲರಿಗೂ ಅವಲಕ್ಕಿಯ ತಾಟು ಹಿಡಿದು ಬಾಗಿಲಿಗೆ ಬಂದಳು. ಬಂದವಳೇ ಯೋಚನೆ ಮಾಡದೆ, "ಏನ್ರಿ, ಆ ಮೂರನೇದು ಬ್ಯಾಡ್ರಿ, ಬಟಾಟಿ ಅದು" ಎಂದುಬಿಟ್ಟಳು.

ಮಾತು ಕನ್ನಡ. ಆದರೆ ಬಟಾಟಿ ಎನ್ನುವುದು ಎಲ್ಲರಿಗೂ ತಿಳಿಯಿತು. ಜಪಾನಿನವಳು ಚಮಚ ಕೆಳಗಿಟ್ಟು ಅವಳನ್ನು ಒಳಗೆ ಕರೆದಳು. ಬಟ್ಟಲುಗಳನ್ನು ಅದಲುಬದಲು ಮಾಡಿ ಮತ್ತೆ ಇಟ್ಟಳು. ರಾಜೇಶ್ವರಿ ಹತ್ತನ್ನೂ ಮೂಸಿ, ಕೆಟ್ಟದ್ದು ಇದು, ಒಂದೇ ಗಿಡದವು ಇವೆರಡು, ಇದು ಒಣಗುವಾಗ ಮಳೆ ಕಂಡದ್ದು ಎಂದು ಬೆರಳಿಟ್ಟು ತೋರಿಸಿದಳು. ಒಂದೂ ತಪ್ಪಲಿಲ್ಲ. ಆ ಮುದುಕಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಠಕ್ಕರ್ ಸೇಠ ಹೊಟ್ಟೆ ಹಿಡಿದು ನಕ್ಕ. "ಶ್ರೀಶೈಲ್ ಭಾಯ್, ನಾಳೆಯಿಂದ ನೀನು ಅವಲಕ್ಕಿ ಮಾಡು, ಭಾಭಿ ಇಲ್ಲಿ ಕೂತುಕೊಳ್ಳಲಿ" ಎಂದ. ಕಿಟಕಿಯ ಆಚೆ ನಿಂತಿದ್ದ ಹೆಂಗಸರೂ ನಕ್ಕರು. ಕ್ಲೋದೆತ್ ಎಲ್ಲರಿಗಿಂತ ಜೋರಾಗಿ ನಕ್ಕಳು.

ಶ್ರೀಶೈಲನೂ ನಕ್ಕ. ಮನೆಗೆ ಬಂದ ಮೇಲೂ ಅವನು ಏನೂ ಅನ್ನಲಿಲ್ಲ, ಕೈ ಎತ್ತಲಿಲ್ಲ. ಮೂರು ವಾರ ಚೆನ್ನಾಗಿಯೇ ಮಾತಾಡಿಕೊಂಡಿದ್ದ. ಅಷ್ಟರಲ್ಲಿ ಸೇಠ ರಾಜೇಶ್ವರಿಗೆ ನೌಕರಿಯ ಪತ್ರ ಬರೆಸಿದ. ಜಪಾನಿನವಳು ಅವಳನ್ನು ರುಚಿ ನೋಡುವ ತರಬೇತಿಗೆ ಕಳಿಸಬೇಕೆಂದು ಹೇಳಿ ಹೋಗಿದ್ದಳು. ಆ ಎರಡೂ ಸುದ್ದಿ ಆಗ ರಾಜೇಶ್ವರಿಗೆ ಮುಟ್ಟಲೇ ಇಲ್ಲ; ಎಷ್ಟೋ ದಿನದ ಮೇಲೆ ಕ್ಲೋದೆತ್ ಫೋನಿನಲ್ಲಿ ಹೇಳಿದಾಗ ತಿಳಿಯಿತು. ಅವಳಿಗೆ ಮುಟ್ಟಿದ್ದು ಗಂಡನ ಈ ಮಾತು:

"ಅವ್ವಗ ಭಾಳ ಆರಾಮಿಲ್ಲ. ನೀನೂ ಪದ್ಮಿನೂ ಮುಂದ ಹೋಗ್ರಿ. ನಾ ಹದಿನೈದ ದಿನದಾಗ ಬರ್ತೇನಿ."

ಅವಳು ಅತ್ತೆಗಾಗಿ ಅಲ್ಲಿನ ಜೇನುತುಪ್ಪ ಕಟ್ಟಿಕೊಂಡು ಹೊರಟಳು. ಬಾಗೇವಾಡಿಗೆ ಮುಟ್ಟಿದಾಗ ಬೆಳಗಿನ ಹನ್ನೊಂದು ಗಂಟೆ. ಗೌರವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಮೈಗೆ ಏನೂ ಆಗಿರಲಿಲ್ಲ. ರಾಜೇಶ್ವರಿ ಕಾಲು ಮುಟ್ಟಲು ಬಾಗಿದಳು. ಗೌರವ್ವ ಕಾಲು ಹಿಂದೆ ಎಳೆದುಕೊಂಡಳು.

"ಅಲ್ಲೇ ನಿಂದ್ರ. ಮುಟ್ಟಬ್ಯಾಡ."

"ಯಾಕ್ರಿ ಅತ್ತಿ? ಏನಾತ್ರಿ?"

"ಆ ಲಾರಿ ಹೊಡಿಯೂ ಕರಿಯಾನ ಕೂಡ ಹೊರಳಾಡಿದ ಕೈ ಅವು. ನನ್ನ ಮಗಾ ಎಲ್ಲಾ ಹೇಳ್ಯಾನ. ಅಂವ ದೇವರಂಥಾಂವ, ಅದಕ್ಕ ಟಿಕೀಟ ತಗದ ಕಳಸ್ಯಾನ. ಬ್ಯಾರೆ ಯಾವನರ ಆಗಿದ್ರ ಅಲ್ಲೇ ಹುಗೀತಿದ್ದ."

ರಾಜೇಶ್ವರಿಗೆ ಯಾವ ಲಾರಿ, ಯಾರು ಎಂಬುದೇ ತಿಳಿಯಲಿಲ್ಲ. ಹಾಗೆ ನಿಂತಿರುವಾಗಲೇ ಗೌರವ್ವ ಎದ್ದು ಪದ್ಮಶ್ರೀಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಏಳು ವರ್ಷದ ಹುಡುಗಿ ಅವ್ವಾ ಎಂದು ಒದರುತ್ತಿತ್ತು. ಬಾಗಿಲ ಅಗುಳಿ ಬಿತ್ತು. ಓಣಿಯ ಹೆಂಗಸರು ತಮ್ಮತಮ್ಮ ಹೊಸ್ತಿಲ ಮೇಲೆ ನಿಂತು ನೋಡಿದರು. ಅವರಿಗೂ ಮೊದಲೇ ಗೊತ್ತಿತ್ತು. ಅವಳು ಅಲ್ಲಿಯೇ ಕಟ್ಟೆಯ ಕೆಳಗೆ ನಿಂತು ಗಂಡನಿಗೆ ಫೋನ್ ಹಚ್ಚಿದಳು.

"ಏನ್ರಿ ಇದು? ಅತ್ತಿಗಿ ಏನ ಹೇಳೀರಿ?"

"ಹತ್ತ ಬಟ್ಟಲಾ ಗುರುತಾ ಹಿಡದ್ಯಲ್ಲಾ" ಎಂದ ಶ್ರೀಶೈಲ, "ಇದನ್ನೂ ಮೂಸಿ ಗುರುತಾ ಹಿಡಿ." ಫೋನಿಟ್ಟ. ಮತ್ತೆ ಎತ್ತಲಿಲ್ಲ.

ಕೊಣ್ಣೂರಿಗೆ ಹೋದಳು. ಮುರಿಗೆಪ್ಪ ತೀರಿಹೋಗಿ ಗಾಣದ ಜಾಗದಲ್ಲಿ ಅಣ್ಣ ಸೋಮಪ್ಪ ಗೊಬ್ಬರದ ಅಂಗಡಿ ಇಟ್ಟಿದ್ದ. ಅವನು ತಂಗಿಯನ್ನು ಅಂಗಡಿಯಲ್ಲೇ ಕೂಡಿಸಿ ಚಹಾ ತರಿಸಿಕೊಟ್ಟ, ಮನೆಯೊಳಗೆ ಕರೆಯಲಿಲ್ಲ. ತನ್ನ ಮಗಳಿಗೆ ಗಂಡು ನೋಡುತ್ತಿದ್ದೇವೆ, ಈಗ ನೀನು ಇಲ್ಲಿದ್ದರೆ ಬಂದವರು ಏನಂದಾರು ಎಂದ. ಅವಳು ಚಹಾ ಕುಡಿದು ಎದ್ದಳು.

ಹತ್ತರಗಿ ಬಾಗೇವಾಡಿಗೆ ದೂರವಲ್ಲ. ಅದಕ್ಕಾಗಿಯೇ ಅವಳು ಮರೆವ್ವನ ಖಾನಾವಳಿಗೆ ಬಂದು ನಿಂತದ್ದು. ಮರೆವ್ವ ಹೆಚ್ಚು ಕೇಳಲಿಲ್ಲ. "ರೊಟ್ಟಿ ಬಡಿತಿಯೇನ? ಬಡಿ" ಎಂದು ಹಿಂದಿನ ಕೋಣೆ ಕೊಟ್ಟಳು. ಶನಿವಾರ ಮುಂಜಾನೆಯ ಸಾಲೆ ಬಿಡುವ ಹೊತ್ತಿಗೆ ರಾಜೇಶ್ವರಿ ಬಾಗೇವಾಡಿಗೆ ಹೋಗಿ ಗೇಟಿನ ಬಳಿ ನಿಲ್ಲುತ್ತಿದ್ದಳು. ಮೊದಲ ತಿಂಗಳು ಪದ್ಮಶ್ರೀ ಓಡಿ ಬಂದು ತಬ್ಬಿಕೊಂಡಳು. ಎರಡನೆಯ ತಿಂಗಳು ದೂರದಿಂದ ನೋಡಿದಳು. ಮೂರನೆಯ ತಿಂಗಳು ಗೆಳತಿಯರ ಮುಂದೆ, "ಆಕಿ ನಮ್ಮ ಅವ್ವ ಅಲ್ಲ, ನಮ್ಮ ಅವ್ವ ಆಫ್ರಿಕಾದಾಗ ಸತ್ತಾಳ" ಎಂದಳು. ಗೌರವ್ವ ಕಲಿಸಿದ ಮಾತು. ರಾಜೇಶ್ವರಿ ಆಮೇಲೂ ಹೋಗುತ್ತಿದ್ದಳು, ಗೇಟಿನ ಬಳಿ ಅಲ್ಲ, ಎದುರಿನ ಝೆರಾಕ್ಸ್ ಅಂಗಡಿಯ ಮರೆಯಲ್ಲಿ ನಿಂತು.

ಬುರುಂಡಿಯಲ್ಲಿ ಅವಳ ಮೂಗಿಲ್ಲದ ಮೊದಲ ಸುಗ್ಗಿಯ ಮಾಲು ಜಪಾನಿಗೆ ಹೋಗಿ ತಿರಸ್ಕಾರವಾಯಿತು. ಬಟಾಟಿ. ತಪ್ಪು ಯಾರದೆಂದು ಸೇಠ ಕೇಳಿದಾಗ ಶ್ರೀಶೈಲ ಕ್ಲೋದೆತ್‌ಳ ಕಡೆ ಬೆರಳು ತೋರಿಸಿದ. ಬೇಕೆಂದೇ ಕೆಟ್ಟ ಹಣ್ಣು ಸೇರಿಸಿದಳೆಂದ. ಅವಳನ್ನು ಕೆಲಸದಿಂದ ತೆಗೆದರು. ಅವಳ ಗಿಡದ ಹಣ್ಣನ್ನು ಮುಂದೆ ಕೊಳ್ಳುವುದಿಲ್ಲವೆಂದು ಹಲಗೆಯ ಮೇಲೆ ಹೆಸರು ಬರೆದು ತೂಗುಹಾಕಿದರು. ಕ್ಲೋದೆತ್ ಇದನ್ನು ವಾಟ್ಸಪ್ಪಿನಲ್ಲಿ ಧ್ವನಿ ಮುದ್ರಿಸಿ ಕಳಿಸಿದ್ದಳು. ಅಳಲಿಲ್ಲವಂತೆ. ಬೇರೆ ಕೆಲವು ಹೆಂಗಸರನ್ನು ಕಟ್ಟಿಕೊಂಡು ನಮ್ಮದನ್ನು ನಾವೇ ಒಣಗಿಸಿ ಮಾರುತ್ತೇವೆ, ನೀನು ಹೇಳಿಕೊಟ್ಟ ಹಾಗೆ ದಿನದಿನದ್ದು ಬೇರೆ ಇಡುತ್ತಿದ್ದೇವೆ ಎಂದಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಿ ಕೊರೊನಾ ಹತ್ತರಗಿಗೂ ಬಂತು. ರಾಜೇಶ್ವರಿ ಹನ್ನೆರಡು ದಿನ ಮಲಗಿ ಎದ್ದಳು. ಏಳುವಷ್ಟರಲ್ಲಿ ಎಲ್ಲ ಸರಿಯಾಗಿತ್ತು ಅಂದುಕೊಂಡಳು. ಮರೆವ್ವ ಖಾರಕ್ಕೆಂದು ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಊಟಕ್ಕೆ ಬಂದವರೆಲ್ಲ ಕೆಮ್ಮಿ ಹೊರಗೆ ಓಡಿದರು. ರಾಜೇಶ್ವರಿಗೂ ಗಂಟಲು ಉರಿದು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಆದರೆ ಘಾಟಿನ ವಾಸನೆ ಇರಲಿಲ್ಲ. ಬಾಣಲೆಯ ಮೇಲೆ ಬಗ್ಗಿ ನೋಡಿದಳು. ಸೀಮೆಎಣ್ಣೆಯ ಕ್ಯಾನು ತೆರೆದಳು. ಬೆಳ್ಳುಳ್ಳಿ ಜಜ್ಜಿದಳು. ಏನೂ ಇಲ್ಲ. ಸಂಕೇಶ್ವರದ ಡಾಕ್ಟರು ಆರು ತಿಂಗಳಲ್ಲಿ ಬರುತ್ತದೆ ಎಂದರು. ಆರು ತಿಂಗಳಾದ ಮೇಲೆ, ಕೆಲವರಿಗೆ ಬರುವುದಿಲ್ಲ ಎಂದರು. ಈ ಸಂಗತಿ ಮರೆವ್ವನ ಹೊರತು ಯಾರಿಗೂ ಗೊತ್ತಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಶ್ರೀಶೈಲ ಊರಿಗೆ ಬಂದ. ಸೇಠ ಹೊರಗೆ ಹಾಕಿದ್ದನೆಂದು ಯಾರಿಗೂ ಹೇಳಲಿಲ್ಲ. ಫಲಕ, ಫೋಟೊ ತೋರಿಸಿಕೊಂಡು ಓಡಾಡಿದ. ಮೂಡಲಗಿಯಲ್ಲಿ ಲಾರಿಗಳಿದ್ದ ಶಿವಾನಂದ ಎಂಬುವನು ಮರುಳಾದ. ಬುರುಂಡಿಯ ಸ್ಪೆಷಾಲ್ಟಿ ಕಾಫಿಯನ್ನು ತರಿಸಿ ಪುಣೆ, ಬೆಂಗಳೂರಿನ ದೊಡ್ಡ ಕಾಫಿ ಅಂಗಡಿಗಳಿಗೆ ಮಾರುವುದೆಂದು ಇಬ್ಬರೂ ಮಾತಾಡಿದರು. ಅಲ್ಲಿಂದ ಆರು ಮಾದರಿಯ ಪೊಟ್ಟಣಗಳು ಬಂದವು. ಒಂದನ್ನು ಆರಿಸಬೇಕಾಗಿತ್ತು. ಹಣ ಹಾಕುವ ಶಿವಾನಂದನ ಕಣ್ಣ ಮುಂದೆ ಈ ಸಲ ಅಂದಾಜು ನಡೆಯುವಂತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹತ್ತರಗಿಗೆ ಬಂದು ಖಾನಾವಳಿಯ ಹಿಂದಿನ ಬಾಗಿಲಲ್ಲಿ ನಿಂತ. ನಾಲ್ಕು ವರ್ಷದ ಮೇಲೆ ಮೊದಲ ಭೆಟ್ಟಿ.

"ಆರ ಪಾಕೀಟ ಅದಾವ. ಬರೇ ಮೂಸಿ ಹೇಳ. ಹಿಂದಿಂದೆಲ್ಲಾ ನಾ ಮರತೇನಿ."

ರಾಜೇಶ್ವರಿ ಹಿಟ್ಟಿನ ಕೈ ತೊಳೆದುಕೊಂಡಳು. ತನ್ನ ಮೂಗು ಹೋಗಿದೆ ಎಂದು ಹೇಳಲು ಬಾಯಿ ತೆರೆದಿದ್ದಳಂತೆ. ಹೇಳಲಿಲ್ಲ.

"ಮೊದಲ ಪದ್ಮಶ್ರೀನ ಕಳಸ್ರಿ. ಸಾಲಿ ದಾಖಲಾತಿ ತಗೊಂಡ ಬರ್ರಿ. ಆಕಿ ನನ್ನ ಕಡೆ ಇರತಾಳ ಅಂತ ಬರದ ಕೊಡ್ರಿ. ಆಮ್ಯಾಲೆ ಮೂಸತೇನಿ."

ಅವನು ಸಿಟ್ಟಿನಿಂದ ಹೋದವನು ನಾಲ್ಕನೆಯ ದಿನಕ್ಕೆ ಮಗಳೊಂದಿಗೆ ಬಂದ. ಹನ್ನೊಂದು ವರ್ಷದ ಪದ್ಮಶ್ರೀ ಚೀಲ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಮರೆವ್ವನ ಮುಂದೆ ಕಾಗದಕ್ಕೆ ಸಹಿಯಾಯಿತು. ಆಮೇಲೆ ಹುರಿದ ಪುಡಿ ಬಿಚ್ಚುವ ಮೊದಲು ಶ್ರೀಶೈಲ ತಡೆದ.

"ನಿಂದರ. ಈಗ ನಾ ಏನ ತಿಂದ ಬಂದೇನಿ, ಹೇಳ ನೋಡೂಣು."

"ಗುಟ್ಕಾ. ಅದರ ವಾಸ್ನಿ ಮುಚ್ಚಾಕ ಯಾಲಕ್ಕಿ" ಎಂದಳು ರಾಜೇಶ್ವರಿ. ಅದಕ್ಕೆ ಮೂಗು ಬೇಕಿರಲಿಲ್ಲ; ಒಂಬತ್ತು ವರ್ಷ ಅವನ ಜೊತೆ ಬಾಳಿದ್ದಳು.

ಅವನಿಗೆ ನಂಬಿಕೆ ಬಂತು. ಆರು ಬಟ್ಟಲು ಇಟ್ಟಳು, ಬಿಸಿನೀರು ಹಾಕಿದಳು, ಮೊದಲಿನ ಹಾಗೆಯೇ ಬಗ್ಗಿ ಮೂಸಿದಳು. ಬಿಸಿ ಆವಿ ಮುಖಕ್ಕೆ ಬಡಿಯಿತು, ಅಷ್ಟೆ. ನಾಲಿಗೆಗೆ ಹುಳಿ ಕಹಿ ಮಾತ್ರ ಗೊತ್ತಾಗುತ್ತಿತ್ತು. ನಾಲ್ಕನೆಯದರ ಹುಳಿ ಹಿತವಾಗಿತ್ತು. "ನಾಲ್ಕನೇದು ಛಲೋ ಐತಿ. ಹುಣಸಿಹಣ್ಣು, ಬೆಲ್ಲದ ಪಾಕ." ಅವನು ಇನ್ನೂ ನೋಡುತ್ತಲೇ ಇದ್ದ. ಎಲ್ಲವನ್ನೂ ಚೆನ್ನಾಗಿದೆ ಎಂದರೆ ಅನುಮಾನ ಬಂದೀತು, ಯಾವುದಾದರೂ ಒಂದನ್ನು ಕೆಟ್ಟದ್ದೆಂದು ತೆಗೆಯಲೇಬೇಕು ಎಂದು ಅವಳಿಗೆ ಅನಿಸಿತು. ಕೊನೆಯ ಬಟ್ಟಲನ್ನು ದೂರ ಸರಿಸಿದಳು. "ಆರನೇದರಾಗ ಬಟಾಟಿ."

ಶ್ರೀಶೈಲ ಆರನೆಯ ಪೊಟ್ಟಣದ ಮೇಲೆ ಪೆನ್ನಿನಿಂದ ಗೀಟು ಹಾಕಿ, ಬಟ್ಟಲುಗಳ ಜೊತೆ ಅವಳ ಫೋಟೊ ತೆಗೆದು ನಕ್ಕ. ಯಾಕೆ ನಕ್ಕನೆಂದು ಅವಳಿಗೆ ಆಗ ಗೊತ್ತಾಗಲಿಲ್ಲ.

ಪದ್ಮಶ್ರೀ ಬಂದಳು, ಆದರೆ ತಾಯಿಯ ಹತ್ತಿರ ಬರಲಿಲ್ಲ. ಮರೆವ್ವ ಬಡಿಸಿದರೆ ಉಣ್ಣುವಳು, ತಾಯಿ ಬಡಿಸಿದರೆ ತಾಟು ಸರಿಸುವಳು. ತಾಯಿಯ ಹಾಸಿಗೆಯಿಂದ ದೂರ, ಅಕ್ಕಿ ಮೂಟೆಗಳ ಬದಿಗೆ ಮಲಗುವಳು. ದಿನವೂ ಅಪ್ಪನಿಗೆ ಫೋನ್ ಮಾಡುವಳು. ರಾಜೇಶ್ವರಿ ತಡೆಯಲಿಲ್ಲ. ಆದರೆ ಒಂದೇ ಕೋಣೆಯಲ್ಲಿದ್ದವರ ಕಣ್ಣಿನಿಂದ ಎಷ್ಟು ದಿನ ಮರೆಮಾಚಲಾದೀತು? ಕೆಟ್ಟ ಸಾರನ್ನು ತಾಯಿ ಮೂಗಿನ ಹತ್ತಿರ ಹಿಡಿದೂ ತಿಳಿಯದೆ ಬಡಿಸಹೋದದ್ದನ್ನು ಹುಡುಗಿ ಎರಡು ಸಲ ನೋಡಿದಳು.

ಮಾಲು ಬಂದದ್ದು ಜನವರಿಯಲ್ಲಿ. ಬೆಂಗಳೂರಿನ ಅಂಗಡಿಯವರು ಹುರಿದು ನೋಡಿ ಎಲ್ಲ ಮೂಟೆಯನ್ನೂ ವಾಪಸು ಕಳಿಸಿದರು. ನಾಲ್ಕನೆಯದರ ತುಂಬ ಬಟಾಟಿ. ಶಿವಾನಂದ ಮೂಡಲಗಿಯ ನಡುಬಜಾರದಲ್ಲಿ ಶ್ರೀಶೈಲನ ಕೊರಳಪಟ್ಟಿ ಹಿಡಿದು ಜನರ ಮುಂದೆ ಬೂಟಿನಿಂದ ಹೊಡೆದ. ಆ ದಿನ ಸಂಜೆ ಮಗಳು ಫೋನ್ ಮಾಡಿದಾಗ ಅವನು ಅತ್ತನಂತೆ. ಅಪ್ಪ ಅಳುವುದನ್ನು ಅವಳು ಎಂದೂ ಕೇಳಿರಲಿಲ್ಲ. "ಅಪ್ಪಾ, ಅವ್ವಗ ವಾಸ್ನೀನ ಬರೂದಿಲ್ಲಪ್ಪಾ. ಆಕಿ ಸುಳ್ಳ ಹೇಳ್ಯಾಳ" ಎಂದಳು.

ಮರುದಿನ ಅವನು ಬಂದಾಗ ನಾನು ಖಾನಾವಳಿಯಲ್ಲಿದ್ದೆ. ಊಟದ ಹೊತ್ತು, ಹದಿನೈದು ಜನ ಕೂತಿದ್ದೆವು. ಅವನು ನೇರ ಒಲೆಯ ಬಳಿ ಹೋಗಿ ರಾಜೇಶ್ವರಿಯ ಜಡೆ ಹಿಡಿದು ಎಳೆದ. ಕಾದ ಹಂಚಿಗೆ ಅವಳ ಮುಂಗೈ ತಗುಲಿತು. ಚರ್ಮ ಸುಟ್ಟ ವಾಸನೆ ನಮಗೆಲ್ಲ ಬಂತು.

"ಬಂತೇನ ವಾಸ್ನಿ? ಹೇಳಲೇ, ಈಗರ ಬಂತೇನ?"

ಮರೆವ್ವ ಸೌದೆಯ ಕೊಳ್ಳಿ ಎತ್ತಿಕೊಂಡು, "ಬಿಡೋ ಆಕಿನ್ನ, ಇಲ್ಲಂದ್ರ ಮಾರಿ ಸುಡತೇನಿ" ಎಂದು ಮುಂದೆ ಬಂದಳು. ಅವನು ಕೈ ಬಿಟ್ಟು ಹಿಂದೆ ಸರಿದ. ನ್ಯಾಯವಾಗಿ ಹೇಳಬೇಕೆಂದರೆ ನಮ್ಮಲ್ಲಿ ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಕೈಯಲ್ಲಿ ರೊಟ್ಟಿಯ ತುಂಡು ಹಿಡಿದೇ ಕೂತಿದ್ದೆ.

ಬಾಗಿಲ ಹತ್ತಿರ ಹೋಗಿ ಅವನು ತಿರುಗಿ ನಿಂತ. ಆಮೇಲೆ ಬಹಳ ಸಾವಕಾಶವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಆ ಆರನೇದು ಯಾರದಿತ್ತು ಗೊತ್ತೈತೇನ ನಿನಗ? ನಿನ್ನ ಗೆಳತಿ ಕ್ಲೋದೆತ್‌ಂದು. ಆಕೀನ ಆ ಹೆಂಗಸರನ್ನ ಕೂಡಿಸಿ, ದಲ್ಲಾಳಿ ಕೈಲೆ ಕಳಿಸಿದ್ಲು. ನಿನ್ನ ಫೋಟೊ ಹಚ್ಚಿ ನಾ ಬರದ ತಿಳಿಸೇನಿ, ಮಾಮಾ ಪದ್ಮ ಸ್ವಂತ ಮೂಸಿ ನೋಡ್ಯಾಳ, ನಿಮ್ಮ ಕಾಫಿ ನಾರತೈತಿ ಅಂದಾಳ ಅಂತ."

ರಾಜೇಶ್ವರಿ ಅಲ್ಲಿಯೇ ನೆಲಕ್ಕೆ ಕೂತಳು.

ಪದ್ಮಶ್ರೀ ಹಿಂದಿನ ಕೋಣೆಯಿಂದ ಚೀಲ ಹಿಡಿದುಕೊಂಡು ಬಂದಿದ್ದಳು. ಅಪ್ಪ ತನ್ನನ್ನು ಕರೆದೊಯ್ಯಲು ಬಂದಿದ್ದಾನೆಂದೇ ತಿಳಿದಿದ್ದಳು. "ಅಪ್ಪಾ, ನಾ ತಯಾರ ಆಗೇನಿ" ಎಂದಳು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀ ಇಲ್ಲೇ ಇರ. ಅವ್ವನ ಜೋಡಿ ರೊಟ್ಟಿ ಬಡಿ. ಯಾರಿಗಿ ಹುಟ್ಟೀಯೋ, ನನಗೇನ ಗೊತ್ತ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅವನು ಮೋಟರ್‌ಸೈಕಲ್ ಹತ್ತಿ ಹೋದ ಮೇಲೆ, ಉಣ್ಣುತ್ತಿದ್ದವರಲ್ಲಿ ಇಬ್ಬರು ತಲೆ ತಗ್ಗಿಸಿ ಮುಸಿಮುಸಿ ನಕ್ಕಾಗ ಅರ್ಥವಾಯಿತು. ಚೀಲ ಹೊತ್ತುಕೊಂಡೇ ಅವಳು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಮರೆವ್ವ ಆ ಇಬ್ಬರ ತಾಟು ಕಿತ್ತುಕೊಂಡು ಹೊರಗೆ ಅಟ್ಟಿದಳು.

ಮುಂಗೈಗೆ ಔಷಧ ಹಚ್ಚಿಸಿಕೊಂಡು ಬಂದ ದಿನವೇ ರಾಜೇಶ್ವರಿ ಕ್ಲೋದೆತ್‌ಳಿಗೆ ಧ್ವನಿ ಮುದ್ರಿಸಿ ಕಳಿಸಿದಳು. ಮುರುಕು ಸ್ವಾಹಿಲಿಯಲ್ಲಿ ಎಲ್ಲವನ್ನೂ ಹೇಳಿದಳು: ಮೂಗು ಹೋದದ್ದು, ಮಗಳಿಗಾಗಿ ಸುಳ್ಳು ಹೇಳಿದ್ದು, ಆರನೆಯದು ಯಾರದೆಂದು ಗೊತ್ತಿರದಿದ್ದದ್ದು. ಐದು ದಿನ ಉತ್ತರ ಬರಲಿಲ್ಲ. ಆರನೆಯ ದಿನ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಬಂತು. ರಾಜೇಶ್ವರಿ ಫೋನನ್ನು ಕಿವಿಗೆ ಹಿಡಿಯದೆ ಎದುರಿಗಿಟ್ಟುಕೊಂಡು ಕೇಳಿದಳು. ಬದಿಗೆ ಪದ್ಮಶ್ರೀ ಗಣಿತದ ಲೆಕ್ಕ ಮಾಡುತ್ತ ಕೂತಿದ್ದಳು.

ಕ್ಲೋದೆತ್ ಹೇಳಿದ್ದು ಇಷ್ಟು. ಶ್ರೀಶೈಲ ತಾನೇ ಮೂಸಿದೆನೆಂದು ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ಬಟ್ಟಲುಗಳ ಮುಂದೆ ನೀನಿದ್ದ ಫೋಟೊ ನೋಡಿ, ನೀನು ಹೇಳಿದ್ದೆಂದು ನಂಬಿದೆವು, ನಿನ್ನ ಮೂಗು ಎಂದೂ ತಪ್ಪಿದ್ದಿಲ್ಲವಲ್ಲ. ಇಪ್ಪತ್ತಾರು ಹೆಂಗಸರ ಕಾಫಿ ಅದು. ಮೂರು ತಿಂಗಳು ಬೇರೆ ಬೇರೆ ಒಣಗಿಸಿ ಇಟ್ಟದ್ದನ್ನೆಲ್ಲ ನಾನೇ ನಿಂತು ಸಾಧಾರಣ ಮಾಲಿನ ರಾಶಿಗೆ ಸುರಿಸಿದೆ. ಈಗ ಬೇರ್ಪಡಿಸಲು ಬರುವುದಿಲ್ಲ. ಹೆಂಗಸರು ನನ್ನ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಇನ್ನು ಈ ನಂಬರಿಗೆ ಮಾತಾಡಬೇಡ, ಮಾಮಾ ಪದ್ಮ.

ಪದ್ಮಶ್ರೀ ಬರೆಯುವುದನ್ನು ನಿಲ್ಲಿಸಿದ್ದಳು. ಐದರಿಂದ ಏಳನೆಯ ವಯಸ್ಸಿನ ತನಕ ಅವಳು ಆ ಮಾತಿನಲ್ಲೇ ಬೆಳೆದವಳು. ಮರೆತಿದ್ದಾಳೆಂದು ತಾಯಿ ಅಂದುಕೊಂಡಿದ್ದಳು.

"ಇಪ್ಪತ್ತಾರ ಮಂದೀದೇನ?" ಎಂದಳು. ಖಾನಾವಳಿಗೆ ಬಂದ ಮೇಲೆ ಅವಳು ತಾಯಿಗೆ ತಾನಾಗಿ ಆಡಿದ ಮೊದಲ ಮಾತು ಅದು.

"ಹೂಂ."

"ಅದರಾಗ ಬಟಾಟಿ ಇರಲೇ ಇಲ್ಲೇನ?"

"ನನಗ ಗೊತ್ತಿಲ್ಲವ್ವಾ. ಇತ್ತೋ ಇಲ್ಲೋ, ನನಗ ಗೊತ್ತಿಲ್ಲ."

ರಾಜೇಶ್ವರಿಯ ಸುಟ್ಟ ಕೈ ಇನ್ನೂ ಹಿಟ್ಟು ಮುಟ್ಟುವಂತಿರಲಿಲ್ಲ, ಸಂಜೆಯ ಊಟಕ್ಕೆ ಎಂಬತ್ತು ರೊಟ್ಟಿ ಬೇಕಾಗಿತ್ತು. ಪದ್ಮಶ್ರೀ ವಹಿ ಮುಚ್ಚಿಟ್ಟು, ಮರದ ಕೊಣಮಿಗೆಯನ್ನು ಎದುರಿಗೆ ಎಳೆದುಕೊಂಡು, ತಾಯಿಯ ಮುಖ ನೋಡದೆಯೇ ಹಿಟ್ಟು ನಾದಲು ಕೂತಳು. ಮೊದಲ ನಾಲ್ಕು ರೊಟ್ಟಿ ಹರಿದವು. ರಾಜೇಶ್ವರಿ ಬದಿಗೆ ಕೂತು, ಹಿಟ್ಟಿಗೆ ಇನ್ನಷ್ಟು ಬಿಸಿನೀರು ಹಾಕಬೇಕೆಂದು ಹೇಳಿಕೊಟ್ಟಳು.